ಟಿಕೆಟ್ಟಕ್ಕ ಮಾರಿದ ಹತ್ತು ನಿಮಿಷ

ಆ ಊರಿನಲ್ಲಿ ಟಿಕೆಟ್ಟಕ್ಕನ ಮುಖಕ್ಕಿಂತ ಅವಳ ಕೈಯನ್ನು ಬಲ್ಲವರೇ ಹೆಚ್ಚು. ಚಿತ್ರಮಂದಿರದ ಗೋಡೆಯ ಕಿಂಡಿಯಿಂದ ಆಚೆ ಬರುತ್ತಿದ್ದ ಆ ಬಲಗೈ ದುಡ್ಡು ಎಳೆದುಕೊಳ್ಳುತ್ತಿತ್ತು, ಚೀಟಿ ಹರಿದು ಕೊಡುತ್ತಿತ್ತು, ಚಿಲ್ಲರೆ ಇಲ್ಲದವರನ್ನು ಬೆರಳು ಅಲ್ಲಾಡಿಸಿ ಪಕ್ಕಕ್ಕೆ ನಿಲ್ಲಿಸುತ್ತಿತ್ತು. ಮಂದಿರ ಮುಚ್ಚಿದ ಮೇಲೆ ಅವಳು ಜೆರಾಕ್ಸ್ ಅಂಗಡಿ ಇಟ್ಟುಕೊಂಡಳು. ಅಲ್ಲಿಗೆ ಬಂದ ಗಿರಾಕಿಗಳು ಮುಖ ನೋಡಿದಾಗ ಸುಮ್ಮನಿದ್ದು, ಕಾಗದ ಕೊಡಲು ಚಾಚಿದ ಕೈ ಕಂಡೊಡನೆ, ಓ ನೀವಾ, ಎಂದು ನಗುವುದು ಈಗಲೂ ಉಂಟು.

ಸೋಜಿಗವೆಂದರೆ, ಅಷ್ಟು ವರ್ಷ ಊರಿಗೆಲ್ಲ ಸಿನಿಮಾ ಮಾರಿದವಳು ಒಂದನ್ನಾದರೂ ಮೊದಲಿನಿಂದ ಕೊನೆಯ ತನಕ ನೋಡಿದವಳಲ್ಲ. ಆಟ ಶುರುವಾದಾಗ ತಡವಾಗಿ ಓಡಿಬರುವವರಿಗೆ ಚೀಟಿ ಹರಿಯಬೇಕು, ಆಮೇಲೆ ದುಡ್ಡಿನ ಪೆಟ್ಟಿಗೆ ಒಪ್ಪಿಸಬೇಕು, ಅಷ್ಟರಲ್ಲಿ ಮುಂದಿನ ಆಟದ ಸಾಲು ಬೀದಿ ಮುಟ್ಟಿರುತ್ತಿತ್ತು. ಅವಳ ಗೂಡಿಗೂ ಒಳಗಿನ ಪರದೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಹಾಗಾಗಿ ಅವಳು ಸಿನಿಮಾ ನೋಡಿದವಳಲ್ಲ, ಕೇಳಿದವಳು. ಯಾವ ಮಾತಿನ ಹಿಂದೆ ಕತ್ತಿ ಠಣ್ಣೆನ್ನುತ್ತದೆ, ಯಾವ ಹಾಡು ಮುಗಿದ ಮೇಲೆ ಕುದುರೆ ಕೆನೆಯುತ್ತದೆ, ಎಲ್ಲ ಬಾಯಿಪಾಠ. ಆದರೆ ಆ ರಾಣಿ ಅಷ್ಟೊಂದು ಅಳುತ್ತಾಳಲ್ಲ, ನಿಂತು ಅಳುತ್ತಾಳೋ ಕೂತು ಅಳುತ್ತಾಳೋ? ಮಂತ್ರಿ ಕೆಮ್ಮುವುದು ಕಾಯಿಲೆಯಿಂದಲೋ ಕುತಂತ್ರದಿಂದಲೋ? ಇಂಥವು ಅವಳ ತಲೆ ತಿನ್ನುತ್ತಿದ್ದವು. ಬೇರೆಯವರಿಗೆ ಮನೆ ಕಟ್ಟಿಸಬೇಕು, ಒಡವೆ ಮಾಡಿಸಬೇಕು ಎಂಬ ಆಸೆಗಳಿದ್ದರೆ, ಇವಳಿಗೆ ಮಂತ್ರಿಯ ಕೆಮ್ಮಿನ ನಿಜ ತಿಳಿಯಬೇಕಿತ್ತು.

ಮುಚ್ಚಿದ ಮಂದಿರದಲ್ಲಿ ಅವಳು ಆಮೇಲೆ ಶುರುಮಾಡಿದ ಭಾನುವಾರದ ಆಟಗಳಿಗೆ ಮೂಲ ಈ ಹುಚ್ಚೇ. ಚಿತ್ರಮಂದಿರವನ್ನು ಕೊಂಡವನು ಮಂಚ ಮೇಜುಗಳ ವ್ಯಾಪಾರಿ. ಊರು ಅವನನ್ನು ಸೋಫಾ ಸಾಹುಕಾರ ಎನ್ನುತ್ತಿತ್ತು. ಹಳೆಯ ಕುರ್ಚಿಗಳನ್ನು ಕಿತ್ತು ಹಾಕಿ ಅಲ್ಲಿ ತನ್ನ ಮಾಲು ತುಂಬಿದ್ದ. ಭಾನುವಾರ ಮಧ್ಯಾಹ್ನ ಹೇಗೂ ವ್ಯಾಪಾರವಿಲ್ಲವಲ್ಲ, ಬಾಡಿಗೆಗೆ ಕೊಡಿ ಎಂದು ಟಿಕೆಟ್ಟಕ್ಕ ಹೋಗಿ ಕೇಳಿದಳು. ಜನ ಸೋಫಾದ ಮೇಲೆ ಕೂತು ಮೆತ್ತಗಿದೆಯೆಂದು ಅದನ್ನೇ ಕೊಂಡಾರು ಎಂಬ ದೂರಾಲೋಚನೆಯಿಂದ ಅವನು ಒಪ್ಪಿದ. ಪ್ಲಾಸ್ಟಿಕ್ ಹೊದಿಕೆ ಮಾತ್ರ ಯಾರೂ ತೆಗೆಯಬಾರದು ಎಂದು ಷರತ್ತು ಹಾಕಿದ. ಹೀಗಾಗಿ ಯುದ್ಧದ ದೃಶ್ಯ ಬಂದು ಜನ ಮುಂದಕ್ಕೆ ಬಾಗಿದಾಗಲೆಲ್ಲ ಕತ್ತಿಗಳ ಸದ್ದಿಗಿಂತ ಪ್ಲಾಸ್ಟಿಕ್ಕಿನ ಚರಚರವೇ ಜೋರಾಗಿರುತ್ತಿತ್ತು.

ಇನ್ನು ಖರ್ಚಿನ ಮಾತು. ಬಾಡಿಗೆ ಇತ್ತು, ಪ್ರೊಜೆಕ್ಟರ್ ಇತ್ತು, ಚಿತ್ರದ ಹಕ್ಕು ಇಟ್ಟುಕೊಂಡವರಿಗೆ ಕೊಡಬೇಕಾದ್ದಿತ್ತು. ಟಿಕೆಟ್ ಮಾರುವುದು ಅವಳಿಗೆ ಬೇಡವಾಗಿತ್ತು. ಈ ಜನ್ಮಕ್ಕಾಗುವಷ್ಟು ಹರಿದಾಗಿದೆ ಎನ್ನುತ್ತಿದ್ದಳು. ಅದಕ್ಕೇ ನಿಮಿಷಗಳನ್ನು ಮಾರಿದಳು. ಇಡೀ ಚಿತ್ರವನ್ನು ಹತ್ತು ಹತ್ತು ನಿಮಿಷದ ತುಂಡು ಮಾಡಿ, ಒಂದೊಂದು ತುಂಡಿಗೆ ಒಬ್ಬ ಯಜಮಾನನನ್ನು ಹುಡುಕಿದಳು. ಆ ತುಂಡಿನ ಖರ್ಚು ಅವನದು. ಅದಕ್ಕೆ ಪ್ರತಿಯಾಗಿ, ತನ್ನ ಹತ್ತು ನಿಮಿಷದೊಳಗೆ ಎಲ್ಲಿ ಬೇಕಾದರೂ ಕೈಯೆತ್ತಿ ಸಿನಿಮಾ ನಿಲ್ಲಿಸಿ, ತೆರೆಯ ಮೇಲೆ ಕಂಡದ್ದರ ಬಗ್ಗೆ ತನಗೆ ಗೊತ್ತಿರುವುದನ್ನು ಅವನು ಹೇಳಬಹುದು. ಉಳಿದವರು ಪುಕ್ಕಟೆ ನೋಡಬಹುದು, ಆದರೆ ತುಟಿ ಬಿಚ್ಚುವಂತಿಲ್ಲ. ಮಾತಿನ ಚಪಲ ಇರುವ ಊರಿನಲ್ಲಿ ಇದಕ್ಕಿಂತ ಗಟ್ಟಿ ವ್ಯಾಪಾರ ಇನ್ನಾವುದಿದ್ದೀತು!

ತೋರಿಸುತ್ತಿದ್ದದ್ದು ಐತಿಹಾಸಿಕ ಚಿತ್ರಗಳನ್ನು ಮಾತ್ರ. ಒಂದು ಕಾಲದಲ್ಲಿ ರಾಜರಾಣಿಯರ ಸಿನಿಮಾ ತೆಗೆಯುವವರೆಲ್ಲ ಈ ಊರಿಗೇ ಬರುತ್ತಿದ್ದರು. ಹಳೆಯ ಪೇಟೆ, ಕಲ್ಲಿನ ಕೊಳ, ಮರದ ಸೇತುವೆ ಎಲ್ಲ ಬಿಟ್ಟಿಯಾಗಿ ಸಿಕ್ಕುತ್ತಿದ್ದವಲ್ಲ. ಈಗ ಸೇತುವೆ ಇಲ್ಲ, ಮುಚ್ಚಿದ ಕೊಳದ ಮೇಲೆ ವಾಹನ ನಿಲ್ಲಿಸುತ್ತಾರೆ. ಆದ್ದರಿಂದ ಜನ ರಾಜನನ್ನು ನೋಡುತ್ತಿರಲಿಲ್ಲ, ಅವನ ಬೆನ್ನ ಹಿಂದಿನದನ್ನು ನೋಡುತ್ತಿದ್ದರು. ನಾಯಕ ಪಕ್ಕಕ್ಕೆ ಸರಿದರೆ ಚಪ್ಪಾಳೆ. ರಾಣಿ ಅಳುವ ಹತ್ತು ನಿಮಿಷಕ್ಕೆ ಕ್ಷೌರಿಕ ಯಜಮಾನನಾಗಿದ್ದ. ಅವಳ ಎಡ ಭುಜದ ಮೇಲೆ ಅವನ ಅಜ್ಜನ ಅಂಗಡಿಯ ಮೂಲೆ ಕಾಣುತ್ತಿತ್ತು. ಹೇಳಲು ಮರೆತೆ, ರಾಣಿ ಕೂತೇ ಅಳುತ್ತಿದ್ದಳು. ಆ ವಾರ ಟಿಕೆಟ್ಟಕ್ಕನಿಗೆ ಒಳ್ಳೆಯ ನಿದ್ದೆ ಬಂತು.

ಎಲ್ಲರೂ ಕಣ್ಣಿಟ್ಟಿದ್ದದ್ದು ಮಾತ್ರ ಊರಬಾಗಿಲಿನ ಹತ್ತು ನಿಮಿಷದ ಮೇಲೆ. ಒಂದು ಚಿತ್ರದಲ್ಲಿ ಗೆದ್ದು ಬಂದ ರಾಜ ಊರಿನ ದೊಡ್ಡ ಬಾಗಿಲು ಬಡಿಯುತ್ತಾನೆ, ಅದು ತೆರೆಯುತ್ತದೆ, ಅವನು ತಲೆ ಬಾಗಿಸಿ ಒಳಗೆ ಕಾಲಿಡುತ್ತಾನೆ. ಬಾಗಿಲು ಈಗಿಲ್ಲ, ಅದು ಇದ್ದ ಜಾಗದಲ್ಲಿ ಬಸ್ ನಿಲ್ದಾಣವಿದೆ. ಆ ತುಂಡಿನ ಯಜಮಾನ ಯಾವಾಗಲೂ ಮೇಷ್ಟ್ರು. ಶಾಲೆಯಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು, ಒಳ್ಳೆಯವರು, ಗಂಟಲು ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ. ರಾಜ ತಲೆ ಬಾಗಿಸಿದ ಕ್ಷಣಕ್ಕೆ ಕೈಯೆತ್ತಿ ಎದ್ದು ನಿಲ್ಲುತ್ತಿದ್ದರು. ಐನೂರು ವರ್ಷದ ಬಾಗಿಲು ಇದು, ಹುಡುಗನಾಗಿದ್ದಾಗ ನಾನೇ ಪುಸ್ತಕದ ಚೀಲ ಹೊತ್ತು ಇದರ ಕೆಳಗೆ ಶಾಲೆಗೆ ಹೋಗುತ್ತಿದ್ದೆ, ನೋಡಿ, ಲೋಕ ಗೆದ್ದವನೂ ನಮ್ಮ ಊರಿನ ಮುಂದೆ ತಲೆ ತಗ್ಗಿಸಿದ, ಎನ್ನುತ್ತಿದ್ದರು. ಎಷ್ಟು ಸಲ ಕೇಳಿದರೂ ಜನರ ಎದೆ ಉಬ್ಬುತ್ತಿತ್ತು.

ಎಲ್ಲ ಚೆನ್ನಾಗಿ ನಡೆದಿರುವಾಗ ಸಾಹುಕಾರ ರಾಗ ಬದಲಿಸಿದ. ಅಷ್ಟು ದಿನ ಕೂತವರಲ್ಲಿ ಒಬ್ಬನೂ ಒಂದು ದಿಂಬನ್ನೂ ಕೊಂಡಿರಲಿಲ್ಲ. ವರ್ಷದ ಬಾಡಿಗೆ ಒಟ್ಟಿಗೆ ಕೊಡದಿದ್ದರೆ ಗೋಡೆಯಿಂದ ಗೋಡೆಗೆ ಮಂಚ ಜೋಡಿಸುತ್ತೇನೆ ಎಂದುಬಿಟ್ಟ. ನಿಮಿಷ ಮಾರಿ ಅಷ್ಟು ಹೊಂದಿಸುವುದು ಆಗದ ಮಾತು. ಆಗ ಮೇಷ್ಟ್ರು ದಾರಿ ಹುಡುಕಿದರು. ರಾಜಧಾನಿಯಲ್ಲಿ ಪರಂಪರೆ ನಿಧಿ ಎಂದೊಂದಿತ್ತು. ಊರಿನ ಹಳೆಯ ಗುರುತುಗಳನ್ನು ಉಳಿಸಿಕೊಳ್ಳುವವರಿಗೆ ಅದು ನೆರವು ಕೊಡುತ್ತಿತ್ತು. ಕಳೆದುಹೋದ ಐನೂರು ವರ್ಷದ ಬಾಗಿಲಿಗೆ ಈ ಚಿತ್ರ ಒಂದೇ ಸಾಕ್ಷಿ, ಅದನ್ನು ಜನರಿಗೆ ತೋರಿಸುತ್ತಿರುವ ಈ ಆಟಗಳನ್ನು ಕಾಪಾಡಿ ಎಂದು ಅವರು ಬರೆದು ಹಾಕಿದರು. ನಿಧಿಗೆ ಬಾಗಿಲು ಹಿಡಿಸಿತು. ಅಧಿಕಾರಿಣಿಯೊಬ್ಬರು ಆಟ ನೋಡಲು ಬರುವುದಾಗಿಯೂ, ಎಲ್ಲ ಸರಿಕಂಡರೆ ವರ್ಷವರ್ಷವೂ ಬಾಡಿಗೆ ಕೊಟ್ಟು, ಬಸ್ ನಿಲ್ದಾಣದ ಹತ್ತಿರ ಬಾಗಿಲಿನ ನೆನಪಿಗೆ ಒಂದು ಕಲ್ಲನ್ನೂ ನಿಲ್ಲಿಸುವುದಾಗಿಯೂ ಉತ್ತರ ಬಂತು.

ಟಿಕೆಟ್ಟಕ್ಕ ಸಂತೋಷದಲ್ಲಿ ಆ ಹತ್ತು ನಿಮಿಷವನ್ನು ಮನೆಯಲ್ಲಿ ಹಾಕಿಕೊಂಡು ಮತ್ತೆ ಮತ್ತೆ ನೋಡಿದಳು. ಒಮ್ಮೆ ಕಣ್ಣು ಮುಚ್ಚಿಕೊಂಡು ಹಳೆಯ ಅಭ್ಯಾಸದಂತೆ ಕೇಳಿದಳು. ರಾಜ ಬಾಗಿಲು ಬಡಿದ. ಡಬ, ಡಬ. ಗೂಡಿನೊಳಗೆ ಕೂತು ಸಾವಿರ ಸಲ ಕೇಳಿದ್ದ ಸದ್ದು. ಆಗೆಲ್ಲ ಅವಳು ಯಾರೋ ಪೆಟ್ಟಿಗೆ ಬಡಿಯುತ್ತಿದ್ದಾರೆ ಎಂದುಕೊಂಡಿದ್ದಳು. ಇಷ್ಟು ದಪ್ಪ ಬಾಗಿಲು ಇಷ್ಟು ಪೊಳ್ಳಾಗಿ ಯಾಕೆ ಸದ್ದು ಮಾಡುತ್ತದೆ? ಹುಳ ಹೊಕ್ಕಿತು. ಇನ್ನು ಬಿಡುವವಳಲ್ಲ.

ಕೇಳಲು ಮನೆಯಲ್ಲೇ ತಕ್ಕವನಿದ್ದ. ಗಂಡ ಲಾರಿ ಓಡಿಸಿಕೊಂಡು ಊರೂರು ತಿರುಗುತ್ತಿದ್ದುದರಿಂದ ಮನೆಯಲ್ಲಿ ಇದ್ದವರು ಅವಳು ಮತ್ತು ಮಾವ. ಮಾವ ಬಡಗಿ. ಕೈ ನಡುಗಲು ಶುರುವಾದ ಮೇಲೆ ದೊಡ್ಡ ಕೆಲಸ ಬಿಟ್ಟು, ಹಿತ್ತಿಲಿನಲ್ಲಿ ಕೂತು ಮರದ ಸೌಟು ಕೆತ್ತುತ್ತಿದ್ದ. ಮಾತು ಕಡಿಮೆ. ಭಾನುವಾರದ ಆಟಕ್ಕೆ ಒಂದು ದಿನವೂ ಬಂದವನಲ್ಲ. ಕರೆದರೆ, ಆ ಸಾಹುಕಾರನ ಸೋಫಾಗಳ ಮೇಲೆ ಕೂತರೆ ಕಸುಬಿನವನ ಮಾನ ಹೋಗುತ್ತದೆ ಎನ್ನುತ್ತಿದ್ದ.

“ಮಾವ, ತೇಗದ ಬಾಗಿಲು ಬಡಿದ್ರೆ ಡಬಡಬ ಅನ್ನುತ್ತಾ?”

ಮುದುಕ ಉಳಿ ಕೆಳಗಿಟ್ಟ. ಯಾವ ಬಾಗಿಲು ಎಂದು ಕೇಳಲಿಲ್ಲ.

“ಅದು ತೇಗ ಅಲ್ಲಮ್ಮ, ಪ್ಲೈವುಡ್ಡು. ಮೇಲೆ ಗೋಣಿತಾಟು ಹೊಡೆದು ಗಾರೆ ಬಳಿದಿದ್ದೆ. ನಾನೇ ಮಾಡಿದ್ದು.”

ಆಮೇಲೆ ಎಲ್ಲ ಹೊರಗೆ ಬಂತು, ಅಣೆಕಟ್ಟಿನ ಬಾಗಿಲು ತೆಗೆದ ಹಾಗೆ. ಸಿನಿಮಾದವರು ಬಂದು ಅವನನ್ನು ಹಿಡಿದರು. ಊರಿಗೆ ಯಾವತ್ತೂ ಬಾಗಿಲು ಇರಲಿಲ್ಲ. ಚಿತ್ರಕ್ಕೆ ಒಂದು ಬೇಕಿತ್ತು. ಅವನು ಒಬ್ಬನೇ ಕೂತು ಮೊಳೆ ಮೊಳೆಗೂ ಯೋಚಿಸಿ ನಿಲ್ಲಿಸಿದ. ಗುಂಡಿ ತೋಡಿ ಅದರೊಳಗೆ ಕ್ಯಾಮೆರಾ ಇಟ್ಟದ್ದರಿಂದ ಆಳೆತ್ತರದ ಬಾಗಿಲೂ ಮುಗಿಲು ಮುಟ್ಟುವಂತೆ ಕಂಡಿತು. ನಕಲಿ ಎಂದು ಹೇಳಿದರೆ ಚಿತ್ರದ ಮರ್ಯಾದೆ ಹೋಗುತ್ತದೆ, ಬಾಯಿ ಬಿಡಬೇಡ ಎಂದು ಅವರು ಹೇಳಿ ಹೋದರು. ತೆರೆಯ ಮೇಲೆ ತನ್ನ ಹೆಸರಾದರೂ ಬರುತ್ತದೆಂದು ಕಾದ. ಕುದುರೆ ಕಟ್ಟಿದವನ ಹೆಸರು ಬಂತು, ಇವನದು ಬರಲಿಲ್ಲ. ಮುನಿಸಿಕೊಂಡು ಸುಮ್ಮನಾದ. ಸುಮ್ಮನಿದ್ದೂ ಇದ್ದೂ, ಗೊತ್ತಿದ್ದವರೆಲ್ಲ ತೀರಿಕೊಂಡರು, ಬಾಗಿಲು ನಿಜವಾಗಿಬಿಟ್ಟಿತು. ಅವನು ಜೀವಮಾನದಲ್ಲಿ ಮಾಡಿದ ಅತಿ ದೊಡ್ಡ ಕೆಲಸ ಅದು, ಮತ್ತು ಅದು ಯಾರೋ ಐನೂರು ವರ್ಷದ ಹಿಂದಿನವನ ಪಾಲಾಗಿತ್ತು.

“ಆ ಹತ್ತು ನಿಮಿಷ ಒಂದ್ಸಲ ನಂಗೆ ಕೊಡ್ತೀಯಾ?” ಎಂದು ಕೇಳಿದ.

ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಮಾವ ಅವಳ ಹತ್ತಿರ ಏನನ್ನೂ ಕೇಳಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೂ ತಾನೇ ಎದ್ದು ಹಾಕಿಕೊಳ್ಳುತ್ತಿದ್ದ ಜೀವ. ಆದರೂ ಟಿಕೆಟ್ಟಕ್ಕ, ಅಧಿಕಾರಿಣಿ ಬಂದು ಹೋಗಲಿ, ಆಮೇಲೆ ಎಷ್ಟು ಬೇಕಾದರೂ ಮಾತಾಡಿ ಎಂದಳು. ಆಗಲಿ ಬಿಡು ಎಂದು ಅವನು ಮತ್ತೆ ಉಳಿ ಹಿಡಿದ.

ಅವಳಿಗೆ ಹಾಗೆ ಬಿಡಲು ಬರಲಿಲ್ಲ. ಅಂಗಡಿಯಲ್ಲಿ ಕೂತು ಕಾಗದದ ಮೇಲೆ ಕಾಗದ ಹಾಕುತ್ತ ಅದನ್ನೇ ತಿರುವಿ ತಿರುವಿ ನೋಡಿದಳು. ನಿಧಿಯ ನೆರವು ಬಂದರೆ ಕಲ್ಲೂ ಬರುತ್ತದೆ. ಐನೂರು ವರ್ಷದ ಬಾಗಿಲು ಎಂದು ಕೆತ್ತಿದ ಕಲ್ಲು ನಿಂತ ಮೇಲೆ ಮಾವ ಬಾಯಿ ತೆರೆದರೆ ಅವನು ಊರಿಗೆ ಹುಚ್ಚ, ಇಲ್ಲವೇ ದ್ರೋಹಿ. ಈಗ ಹೇಳಿದರೆ ಮಂದಿರ ಕೈತಪ್ಪುತ್ತದೆ. ಅವಳಿಗೆ ಆ ಭಾನುವಾರಗಳು ಎಂದರೆ ಪ್ರಾಣ. ಕತ್ತಲಲ್ಲಿ ಎಲ್ಲರ ನಡುವೆ ಕೂತು, ತಾನು ಕಿವಿಯಲ್ಲಿ ಸಾಕಿಕೊಂಡಿದ್ದ ಲೋಕಕ್ಕೆ ಒಂದೊಂದಾಗಿ ಮುಖ ಮೂಡುವುದನ್ನು ನೋಡುವ ಸುಖ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಮಾವನ ಮೇಲೆ ಸಿಟ್ಟೂ ಬಂತು. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡವನು ಇನ್ನೊಂದಿಷ್ಟು ದಿನ ಹಾಕಿಕೊಂಡಿದ್ದರೆ ಗಂಟೇನು ಹೋಗುತ್ತಿತ್ತು! ಹಾಗೆಂದುಕೊಂಡವಳೇ, ಬೀಗ ಮುರಿದದ್ದು ತಾನಲ್ಲವೇ ಎಂಬುದು ನೆನಪಾಗಿ ನಾಚಿಕೊಂಡಳು.

ಸಂಜೆ ಮೇಷ್ಟ್ರ ಮನೆಗೆ ಹೋಗಿ, ಈ ಸಲ ಬಾಗಿಲಿನ ತುಂಡು ಮಾವನಿಗೆ ಬೇಕಂತೆ ಎಂದಳು. ಏನು ಹೇಳಲು ಎಂಬುದನ್ನು ಮಾವ ತಾನೇ ಹೇಳಬೇಕು, ಅದು ಅವಳು ಹೇಳುವ ಮಾತಲ್ಲ ಎಂದು ಅಷ್ಟಕ್ಕೇ ನಿಲ್ಲಿಸಿದಳು. ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ನನಗಿಂತ ಹಿರಿಯರು, ಬಾಗಿಲನ್ನು ಕಣ್ಣಾರೆ ಕಂಡವರು, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಕುಣಿದಾಡಿದರು. ಟಿಕೆಟ್ಟಕ್ಕನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು.

ಭಾನುವಾರ ಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಧಿಕಾರಿಣಿಯನ್ನು ಸಾಹುಕಾರ ತನ್ನ ಅತಿ ದುಬಾರಿ ಸೋಫಾದ ಮೇಲೆ ಕೂರಿಸಿ, ಗೌರವಕ್ಕೆ ಅದೊಂದರ ಪ್ಲಾಸ್ಟಿಕ್ ತೆಗೆದಿದ್ದ. ಮಾವ ಒಗೆದ ಅಂಗಿ ತೊಟ್ಟು ಬಂದ. ಸೋಫಾದ ಕಾಲನ್ನು ಒಮ್ಮೆ ಮುಟ್ಟಿ ನೋಡಿ, ಮುಖ ಹಿಂಡಿ, ನೆಲದ ಮೇಲೆ ಕೂತ. ಚಿತ್ರ ಶುರುವಾಯಿತು. ಕ್ಷೌರಿಕ ತನ್ನ ಅಜ್ಜನ ಅಂಗಡಿ ತೋರಿಸಿದ, ಹಾಲಿನವಳು ಕೊಳದ ಮೆಟ್ಟಿಲು ತೋರಿಸಿದಳು, ಅಧಿಕಾರಿಣಿ ಮಗುವಿನಂತೆ ಕತ್ತು ಚಾಚಿ ನೋಡಿದರು. ರಾಜ ಬಂದ. ಡಬ, ಡಬ. ಬಾಗಿಲು ತೆರೆಯಿತು, ಅವನು ತಲೆ ಬಾಗಿಸಿದ. ನೆಲದಿಂದ ಒಂದು ಕೈ ಮೇಲೆದ್ದಿತು. ಪ್ರೊಜೆಕ್ಟರ್ ಹತ್ತಿರ ಕೂತಿದ್ದ ಟಿಕೆಟ್ಟಕ್ಕನೇ ಗುಂಡಿ ಒತ್ತಿ ಚಿತ್ರ ನಿಲ್ಲಿಸಿದಳು. ಆ ಬೆರಳು ಅವಳ ಮಾತು ಕೇಳಿದ್ದು ಅವಳಿಗೇ ಆಶ್ಚರ್ಯವಾಯಿತು.

ಮಾವ ಪರದೆಯ ಹತ್ತಿರ ಹೋಗಿ ನಿಂತ. ಬಾಗಿಲಿನ ಬೆಳಕು ಅವನ ಅಂಗಿಯ ಮೇಲೆ ಬಿತ್ತು.

“ಈ ಬಾಗಿಲು ಹಳೇದಲ್ಲ. ಪ್ಲೈವುಡ್ಡಲ್ಲಿ ನಾನು ಕಟ್ಟಿದ್ದು,” ಎಂದ. “ರಾಜ ಬಗ್ಗಿದ್ದು ಊರಿಗಲ್ಲ. ಆಳಿನ ಎತ್ತರ ಅಳೆದಿದ್ದೆ, ಕಿರೀಟಾನ ಲೆಕ್ಕಕ್ಕೆ ಹಿಡೀಲಿಲ್ಲ. ತಗುಲುತ್ತೆ, ಬಗ್ಗಿ ಬಾ ಅಂತ ಸಿನಿಮಾದವ್ರು ಅವನಿಗೆ ಹೇಳ್ಕೊಟ್ರು. ತಪ್ಪು ನಂದು. ಕೆಲಸಾನೂ ನಂದು.”

ಯಾರೋ ಕಿಸಕ್ಕೆಂದರು. ಮೇಷ್ಟ್ರು ಎದ್ದು ನಿಂತಿದ್ದರು. ಅದು ಅವರ ತುಂಡಲ್ಲ, ಮಾತಾಡುವ ಹಕ್ಕಿರಲಿಲ್ಲ, ಆದರೆ ತಡೆಯಲು ಯಾರಿಗೂ ಮನಸ್ಸಾಗಲಿಲ್ಲ. ತಾಯಿಯಿಲ್ಲದ ಹುಡುಗನಾಗಿದ್ದ ತಮ್ಮನ್ನು ಓದಲೆಂದು ಈ ಊರಿನ ಸೋದರಮಾವನ ಮನೆಗೆ ತಂದು ಬಿಟ್ಟಿದ್ದರಂತೆ. ಬಂದ ದಿನ ಮೊದಲು ಕಂಡದ್ದು ಆ ಬಾಗಿಲು. ರಜೆಗೆ ಹೋಗಿ ಬರುವಷ್ಟರಲ್ಲಿ ಅದಿರಲಿಲ್ಲ, ಬಿತ್ತು ಎಂದಷ್ಟೇ ಯಾರೋ ಹೇಳಿದ್ದರು. ಇದನ್ನೆಲ್ಲ ಅವರು ಇತಿಹಾಸದ ಪಾಠದ ದನಿಯಲ್ಲಿ ಹೇಳಲಿಲ್ಲ.

“ನಾನು ಅದರ ಕೆಳಗೆ ಓಡಾಡಿದೀನಿ,” ಎಂದರು. “ಅದೂ ಸುಳ್ಳಾ?”

“ಸುಳ್ಳಲ್ಲ ಕಣಪ್ಪ,” ಎಂದ ಮಾವ. “ಸಿನಿಮಾದವ್ರು ಹೋದ್ಮೇಲೂ ಮಳೆ ಹಿಡಿಯೋ ತನಕ ಅದು ನಿಂತಿತ್ತು. ಶಾಲೆ ಮಕ್ಕಳೆಲ್ಲ ಅದರೊಳಗೇ ಓಡ್ತಿದ್ರು. ಯಾರ ತಲೆ ಮೇಲಾದ್ರೂ ಬಿದ್ದೀತು ಅಂತ ನಾನು ದಿನಾ ಬಂದು, ಕೊನೇ ಮಗು ದಾಟೋವರೆಗೂ ನಿಂತಿರ್ತಿದ್ದೆ.”

ಮೇಷ್ಟ್ರು ಕೂತರು. ಪ್ಲಾಸ್ಟಿಕ್ ಚರಚರ ಎಂದಿತು.

ಅಧಿಕಾರಿಣಿ ಕೆಟ್ಟವರಲ್ಲ. ಹೊರಗೆ ಬಂದು ಮಾವನ ಕೈ ಹಿಡಿದುಕೊಂಡು ಗಾರೆ ಹೇಗೆ ಬಳಿದಿರಿ ಎಂದೆಲ್ಲ ಕೇಳಿ ತಿಳಿದುಕೊಂಡರು. ಆದರೆ ಐನೂರು ವರ್ಷದ ಬಾಗಿಲಿಗೆ ಎಂದು ಕೇಳಿದ ನೆರವನ್ನು ಪ್ಲೈವುಡ್ಡಿಗೆ ಕೊಡಲು ನಿಧಿಯ ನಿಯಮ ಒಪ್ಪುವುದಿಲ್ಲ ಎಂದು ನೇರವಾಗಿ ಹೇಳಿ ಹೊರಟುಹೋದರು. ಸಾಹುಕಾರ ಆ ಸೋಫಾಕ್ಕೆ ಮತ್ತೆ ಪ್ಲಾಸ್ಟಿಕ್ ಹೊದಿಸಿ, ಮುಂದಿನ ವಾರದಿಂದ ಮಂಚಗಳು ಬರುತ್ತವೆ ಎಂದ. ಟಿಕೆಟ್ಟಕ್ಕ ತನ್ನ ಹಳೆಯ ಗೂಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಸರಿಯಾದದ್ದನ್ನೇ ಮಾಡಿದೆ ಎಂಬ ಸಮಾಧಾನ ಅವಳಿಗೆ ಆಗ ಎಳ್ಳಷ್ಟೂ ಇರಲಿಲ್ಲ. ಮಂದಿರ ಹೋಯಿತಲ್ಲ ಎಂಬುದೊಂದೇ ಇತ್ತು.

ಮರುದಿನ ಬೆಳಿಗ್ಗೆ ಮೇಷ್ಟ್ರು ಮನೆ ಬಾಗಿಲಿಗೆ ಬಂದರು. ಜಗಳಕ್ಕೆ ಬಂದರೆಂದು ಅವಳು ಗಟ್ಟಿಯಾಗಿ ನಿಂತಳು. ಅವರು ಅವಳ ಕಡೆ ನೋಡದೆ ಮಾವನ ಮುಂದೆ ನಿಂತು, ಬಾಗಿಲಿನ ಕಾಲು ಎಲ್ಲಿ ಊರಿದ್ದಿರಿ, ತೋರಿಸುತ್ತೀರಾ ಎಂದು ಕೇಳಿದರು. ಮೂವರೂ ಬಸ್ ನಿಲ್ದಾಣಕ್ಕೆ ನಡೆದರು. ಮಾವ ಕೋಲಿನಿಂದ ಅಲ್ಲೊಂದು ಕಡೆ ಇಲ್ಲೊಂದು ಕಡೆ ಕುಟ್ಟಿ ತೋರಿಸಿದ. ಮೇಷ್ಟ್ರು ಆ ಎರಡರ ನಡುವೆ ನಿಂತುಕೊಂಡರು. ಅದು ಬಸ್ಸು ತಿರುಗುವ ಜಾಗ. ಒಂದು ಬಸ್ಸು ಬಂದು ಹಾರ್ನ್ ಹೊಡೆಯಿತು, ಅವರು ಸರಿಯಲಿಲ್ಲ. ಚಾಲಕ ತಲೆ ಹೊರಗೆ ಹಾಕಿ, ಬೈಯಲು ಬಾಯಿ ತೆರೆದವನು ಅವರ ಮುಖ ನೋಡಿ, ಏನು ಕಳೆದುಕೊಂಡಿರಿ ಎಂದು ಕೇಳಿದ.

“ಇಲ್ಲೊಂದು ಬಾಗಿಲಿತ್ತು,” ಎಂದರು ಮೇಷ್ಟ್ರು. “ಇವರು ಕಟ್ಟಿದ್ದು.”

ಮಾವ ಬೇರೆ ಕಡೆಗೆ ತಿರುಗಿಕೊಂಡು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಯಾವ ಕಾಲದ್ದು ಎಂದು ಚಾಲಕ ಕೇಳಿದ. ಮೇಷ್ಟ್ರ ನಾಲಿಗೆಯ ತುದಿಗೆ ಐನೂರು ಬಂದೇಬಿಟ್ಟಿತ್ತು. ಅದನ್ನು ನುಂಗಿಕೊಂಡು ಅವರು ಮಾವನ ಕಡೆ ತಿರುಗಿ, ನೀವೇ ಹೇಳಿ ಎಂದರು. ಊರು ನೋಡಿದ ಹಾಗೆ ಮೇಷ್ಟ್ರು ಇನ್ನೊಬ್ಬರಿಗೆ ಮಾತು ಬಿಟ್ಟುಕೊಟ್ಟದ್ದು ಅದೇ ಮೊದಲು. ಮಾವ ಹೇಳತೊಡಗಿದ. ಚಾಲಕ ಎಂಜಿನ್ ನಿಲ್ಲಿಸಿದ. ಇಬ್ಬರು ಮೂವರು ಪ್ರಯಾಣಿಕರು ಇಳಿದು ಬಂದು ನಿಂತರು. ಅದನ್ನು ಈಗ ಎಲ್ಲಿ ನೋಡಬಹುದು ಎಂದು ಅವರಲ್ಲೊಬ್ಬಳು ಕೇಳಿದಾಗ ಎಲ್ಲರೂ ಟಿಕೆಟ್ಟಕ್ಕನ ಕಡೆ ನೋಡಿದರು. ಅವಳ ಬಳಿ ಮಂದಿರವಿಲ್ಲ, ನೆರವಿಲ್ಲ, ಕೂರಿಸಲು ಪ್ಲಾಸ್ಟಿಕ್ ಹೊದ್ದ ಸೋಫಾ ಕೂಡ ಇಲ್ಲ. ಎದುರಿಗೆ ನಿಲ್ದಾಣದ ಉದ್ದನೆಯ ಸುಣ್ಣದ ಗೋಡೆ ಇತ್ತು.

“ಇಲ್ಲೇ,” ಎಂದಳು. “ಭಾನುವಾರ ಸಂಜೆ ಈ ಗೋಡೆ ಮೇಲೆ.” ಯಾರ ಅಪ್ಪಣೆಯನ್ನೂ ಇನ್ನೂ ಕೇಳಿರಲಿಲ್ಲ.

ಮೇಷ್ಟ್ರು ಅಲ್ಲೇ ಜೇಬಿಗೆ ಕೈ ಹಾಕಿ, ಬಾಗಿಲಿನ ಹತ್ತು ನಿಮಿಷದ ಖರ್ಚು ನನ್ನದು, ಮಾತು ಮಾತ್ರ ಇವರದು ಎಂದರು. ಟಿಕೆಟ್ಟಕ್ಕ ಕೈ ಚಾಚಿದಳು. ಮಾವ ಇಬ್ಬರನ್ನೂ ನೋಡಿ ಗಂಟಲು ಸರಿಮಾಡಿಕೊಂಡ.

“ಹತ್ತು ನಿಮಿಷ ನಂಗೆ ಸಾಲಲ್ಲ,” ಎಂದ.